ಬಲರೆಕ್ಕೆಯ ಎರಡು ಬೆರಳು ನುಂಗಿದ ಯಂತ್ರವರ್ಯರಿಗೆ

ಇವರಿಗೆ:
ಹಿಗ್ಗಿಸುವ ಹಾಗೂ ಕುಗ್ಗಿಸುವ ನಕಲು ಯಂತ್ರದವರು,
ಬೀದಿ ಮೂಲೆಯ ಜೆರಾಕ್ಸ್ ಅಂಗಡಿ, ಒಳಗೋಡೆಯ ಪಕ್ಕ, ಮುರುಕು ಸ್ಟೂಲಿನ ಎದುರು.

ಮಾನ್ಯರೇ,

ತಮ್ಮ ಗಾಜಿಗೆ ಗೀರು ಬೀಳದೆ, ತಮ್ಮ ಟೋನರಿಗೆ ಕೊರತೆಯಾಗದೆ, ತಮ್ಮ ಹೊಟ್ಟೆಯೊಳಗೆ ಯಾರ ಅರ್ಜಿಯೂ ಸಿಕ್ಕಿಹಾಕಿಕೊಳ್ಳದೆ, ತಾವು ಸದಾ ಬೆಚ್ಚಗೆ, ಸದಾ ಹಸಿರು ದೀಪದವರಾಗಿ ಬಾಳಬೇಕೆಂಬ ಹಾರೈಕೆಯೊಡನೆ ಈ ಪತ್ರವನ್ನು ತಮ್ಮ ಪಾದಮೂಲಕ್ಕೆ, ಅಂದರೆ ತಮ್ಮ ನಾಲ್ಕು ಗಾಲಿಗಳ ಪೈಕಿ ತಿರುಗಲು ಒಲ್ಲೆನೆನ್ನುವ ಆ ಒಂದರ ಬುಡಕ್ಕೆ ಅರ್ಪಿಸುತ್ತಿದ್ದೇನೆ. ಇದನ್ನು ಬಹಿರಂಗವಾಗಿಯೇ ಏಕೆ ಬರೆದೆನೆಂದು ತಾವು ಕೇಳಬಹುದು. ಗುಟ್ಟಾಗಿ ಬರೆದ ಪತ್ರವನ್ನೂ ಪ್ರತಿ ತೆಗೆಸಲು ತಮ್ಮ ಬಳಿಗೇ ತರಬೇಕು, ತಾವು ಅದನ್ನು ಬೆಳಕು ಹಾಕಿ ಓದದೆ ಬಿಡುವವರಲ್ಲ, ಆದ್ದರಿಂದ ಊರಿನವರೂ ಓದಿಕೊಳ್ಳಲಿ ಎಂದುಕೊಂಡೆ.

ನನ್ನ ಪರಿಚಯ ತಮಗಿಲ್ಲದಿದ್ದರೂ ನನ್ನ ಅಂಗೈಯ ಪರಿಚಯ ಇದ್ದೀತು, ಏಕೆಂದರೆ ತಮ್ಮ ಮುಚ್ಚಳವನ್ನು ಒತ್ತಿ ಹಿಡಿದು ಅರ್ಧ ಅಂಗೈಯನ್ನೂ ನಕಲು ಮಾಡಿಸಿಕೊಂಡವನು ನಾನೇ. ಉಳಿದಂತೆ ನಾನು ಹಾಸಿಗೆ ಅಂಗಡಿಯೊಂದರಲ್ಲಿ ಮಾರಾಟದ ಕೆಲಸ ಮಾಡುವವನು. ಕನ್ನಡದಲ್ಲೇ ಓದಿ ಪದವಿ ಪಡೆದ ತಪ್ಪಿಗೆ ಅಂಗಡಿಯ ಬೋರ್ಡಿಗೆ ಪ್ರಾಸ ಕಟ್ಟಿಕೊಡುವ ಹೊಣೆಯೂ ನನ್ನ ಹೆಗಲಿಗೇ ಬಿದ್ದಿದೆ. 'ಒಮ್ಮೆ ಒರಗಿದರೆ ಸಾಕು, ಹೊರಳುವುದು ಯಾಕೆ ಬೇಕು' ಎಂಬ ಬೋರ್ಡು ತಮ್ಮ ಅಂಗಡಿಯ ಬಾಗಿಲಿನಿಂದ ಕಾಣುತ್ತದೆ. ಅದೇ ಬೋರ್ಡಿನ ಕೆಳಗೆ ನಿಂತು ನಾನು ಗಿರಾಕಿಗಳಿಗೆ, 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆಯನ್ನು ಮರೆತುಬಿಡಿ, ಕಾಲು ಇದ್ದಷ್ಟು ಹಾಸಿಗೆ ಕೊಳ್ಳಿ ಎಂದು ಬುದ್ಧಿ ಹೇಳುತ್ತ ಬಂದಿದ್ದೇನೆ. ಗಾದೆ ತನ್ನ ಸೇಡನ್ನು ತಮ್ಮ ಮೂಲಕ ತೀರಿಸಿಕೊಂಡಿತು. ಅದರ ವಿವರವೇ ಈ ದೂರು.

ನನ್ನ ಸೋದರಮಾವ ಎತ್ತರದ ಕಚೇರಿ ಕಟ್ಟಡವೊಂದರಲ್ಲಿ ಲಿಫ್ಟ್ ನಡೆಸಿ ನಿವೃತ್ತರಾದವರು. ಈಗ ನಮ್ಮ ಮನೆಯ ಮುಂದಿನ ಕೋಣೆಯಲ್ಲಿದ್ದು, ಯಾರೇ ಒಳಗೆ ಬಂದರೂ ಬಾಗಿಲ ಬಳಿ ಎದ್ದು ನಿಂತು ದಾರಿ ಬಿಡುತ್ತಾರೆ, ಅಭ್ಯಾಸಬಲ. ಅವರ ಬಳಿ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ, ಎಣ್ಣೆಬಟ್ಟೆಯ ಒಳಗೆ, ನಿಂಬೆಹಣ್ಣಿನ ಗಾತ್ರದ ಒಂದು ಎಂಜಿನ್ ಇದೆ. ಆ ಕಟ್ಟಡದ ಮೂರನೇ ಮಾಳಿಗೆಯಲ್ಲಿ ಆಟಿಕೆ ವಿಮಾನಗಳ ಅಂಗಡಿ ಇಟ್ಟಿದ್ದವನು ಬಾಗಿಲು ಹಾಕಿಕೊಂಡು ಹೋಗುವ ದಿನ, ಕೊನೆಯ ಸಲ ಲಿಫ್ಟಿನಲ್ಲಿ ಕೆಳಗಿಳಿಯುತ್ತ, ನನ್ನದೇನೂ ಮೇಲೇರಲಿಲ್ಲ, ನೀವಾದರೂ ಇದನ್ನು ಏರಿಸಿ ಎಂದು ಮಾವನ ಅಂಗೈಯಲ್ಲಿ ಇಟ್ಟು ಹೋದದ್ದು ಅದು. ಮಾವ ಅದನ್ನು ಆಗಾಗ ಹಿತ್ತಲಿನಲ್ಲಿ ಒಂದು ಹಲಗೆಗೆ ಬಿಗಿದು ಚಾಲೂ ಮಾಡುತ್ತಿದ್ದರು. ಆಗ ಎಂಜಿನ್ನೂ ಹಾರುತ್ತಿರಲಿಲ್ಲ, ಹಲಗೆಯೂ ಹಾರುತ್ತಿರಲಿಲ್ಲ, ಅಕ್ಕಪಕ್ಕದವರ ನಿದ್ದೆ ಮಾತ್ರ ಹಾರುತ್ತಿತ್ತು. ನನ್ನ ಹೆಂಡತಿ ಕಿಟಕಿಗಳನ್ನೆಲ್ಲ ಮುಚ್ಚುತ್ತ, "ಮಾವಾ, ಒಂದೋ ಅದಕ್ಕೆ ರೆಕ್ಕೆ ಕಟ್ಟಿ, ಇಲ್ಲ ಬಾಯಿ ಕಟ್ಟಿ" ಎನ್ನುತ್ತಿದ್ದಳು. ಮನೆಯಲ್ಲಿ ಪ್ರಾಸ ಕಟ್ಟುವವನು ನಾನೊಬ್ಬನೇ ಎಂದು ತಿಳಿದಿದ್ದೆ, ಅದೂ ಸುಳ್ಳಾಯಿತು.

ಹೀಗಿರುವಾಗ ಕಣ್ಣಿನ ಡಾಕ್ಟರು ಮಾವನ ಕಣ್ಣಿಗೆ ದೀಪ ಹಾಕಿ, ಗಲ್ಲ ಹಿಡಿದು, ಅತ್ತ ಇತ್ತ ತಿರುಗಿಸಿ ನೋಡಿ, ದೂರದ ನೋಟ ಹೋದದ್ದು ಹೋಯಿತು, ಹತ್ತಿರದ್ದೂ ನಿಧಾನವಾಗಿ ಹೋಗುತ್ತದೆ, ಇರುವಷ್ಟು ದಿನ ಕಾಪಾಡಿಕೊಳ್ಳೋಣ ಎಂದರು. ಮಾವ ಮೆಟ್ಟಿಲಿಳಿಯುವಾಗ ನನ್ನ ತೋಳು ಹಿಡಿದು, "ಅಳಿಯ, ಅದು ಹಾರೋದನ್ನ ಒಂದ್ಸಲ ನೋಡಿಬಿಡ್ಬೇಕು ಕಣೋ. ಮೋಡದವರೆಗೆ ಬೇಡ, ಕಾಂಪೌಂಡಿನ ಎತ್ತರ ಸಾಕು" ಎಂದರು. ಮಾನ್ಯರೇ, ತಮ್ಮ ಮುಂದೆ ಬರುವ ಮುಂಚೆ ನಮ್ಮ ಕೈಯಲ್ಲಿದ್ದ ಬಂಡವಾಳ ಇಷ್ಟೇ: ಒಂದು ಎಂಜಿನ್, ಒಂದು ಆಸೆ, ಸವೆಯುತ್ತಿರುವ ಒಂದು ಜೊತೆ ಕಣ್ಣು.

ನಕ್ಷೆ ಹುಡುಕಲು ಹಳೆ ಪುಸ್ತಕದ ಅಂಗಡಿಗೆ ಹೋದೆವು. ಆ ಅಂಗಡಿಯ ಮುದುಕರು ಯೌವನದಲ್ಲಿ ಇಂಥವೇ ಪುಟ್ಟ ವಿಮಾನಗಳನ್ನು ಕಟ್ಟಿ ಮುರಿದವರಂತೆ. ಹರಿದ ಹವ್ಯಾಸ ಪತ್ರಿಕೆಗಳ ಒಂದು ರಾಶಿಯನ್ನೇ ನಮ್ಮ ಮುಂದೆ ಸುರಿದರು. ನನ್ನ ಮನಸ್ಸು ಎರಡಂತಸ್ತಿನ ರೆಕ್ಕೆಯ, ಬಂದೂಕು ಬಾವುಟಗಳೆಲ್ಲ ಇದ್ದ ಒಂದು ಯುದ್ಧವಿಮಾನದ ನಕ್ಷೆಗೆ ಅಂಟಿಕೊಂಡಿತು. ಮಾವ ಅದನ್ನು ಮೂಗಿನ ಹತ್ತಿರ ಹಿಡಿದು ನೋಡಿ, "ಇದಕ್ಕೆ ಎಂಜಿನ್ ಸಾಲದು ಕಣೋ, ಸೈನ್ಯ ಬೇಕು" ಎಂದು ಬದಿಗಿಟ್ಟರು. ಆಮೇಲೆ ನಾನು ಉದ್ದ ರೆಕ್ಕೆಯ ತೇಲುವ ವಿಮಾನವೊಂದನ್ನು ಎತ್ತಿದೆ. ಅದನ್ನು ಬಿಚ್ಚಿ ಹಾಸಿದರೆ ನಮ್ಮ ಹಜಾರದ ಬಾಗಿಲಿನಿಂದ ಅಡುಗೆಮನೆಯ ಬಾಗಿಲಿಗೆ ಮುಟ್ಟುತ್ತಿತ್ತು, ಹಾಗಾಗಿ ಅದು ಹಾರಿದರೂ ಹಾರದಿದ್ದರೂ ನಾವು ಊಟಕ್ಕೆ ಬಗ್ಗಿ ಹೋಗಬೇಕಾಗಿತ್ತು. ಕೊನೆಗೆ ಆರಿಸಿದ್ದು ಪೆಟ್ಟಿಗೆಯಂಥ ಒಡಲು, ಹಲಗೆಯಂಥ ರೆಕ್ಕೆ, ತಕರಾರಿಲ್ಲದ ಬಾಲ ಇರುವ, ನೋಡಲು ಏನೇನೂ ಅಲ್ಲದ ಒಂದು ಸಾದಾ ವಿಮಾನ. ಸ್ವಲ್ಪ ಇಂಧನ ತುಂಬಿ, ಎಂಜಿನ್ ಚಾಲೂ ಮಾಡಿ, ಕೈಯಿಂದ ಬಿಟ್ಟುಬಿಟ್ಟರೆ ತಾನೇ ಏರಿ, ಇಂಧನ ಮುಗಿದ ಮೇಲೆ ತಾನೇ ತೇಲಿ ಇಳಿಯುವ ಜಾತಿ. ಅಂಗಡಿಯ ಮುದುಕರು ಕನ್ನಡಕ ಒರೆಸುತ್ತ, "ನಕ್ಷೆ ಆರಿಸೋದು ನೀವಲ್ಲ ಸ್ವಾಮಿ, ನಿಮ್ಮ ಎಂಜಿನ್ನು" ಎಂದರು. ಎಂಜಿನ್ ಇದ್ದಷ್ಟು ರೆಕ್ಕೆ ಚಾಚು! ಗಾದೆ ಹಾಸಿಗೆ ಅಂಗಡಿಯಿಂದ ನನ್ನ ಬೆನ್ನು ಹತ್ತಿ ಅಲ್ಲಿಗೂ ಬಂದಿತ್ತು.

ಈಗ ಅಳತೆಯ ವಿಚಾರ. ತಾವು ಇದರಲ್ಲಿ ಪಾರಂಗತರಾದ್ದರಿಂದ ಸಂಕ್ಷೇಪವಾಗಿ ಹೇಳುತ್ತೇನೆ. ಪುಟಕ್ಕೆ ಹಿಡಿಸಲೆಂದು ಪತ್ರಿಕೆಯವರು ನಕ್ಷೆಯನ್ನು ಅರ್ಧಕ್ಕೆ ಕುಗ್ಗಿಸಿ ಅಚ್ಚು ಹಾಕಿ, ಕೆಳಗೆ 'ಎರಡರಷ್ಟು ಹಿಗ್ಗಿಸಿಕೊಳ್ಳಿ' ಎಂದು ಬರೆದಿದ್ದರು. ಆದರೆ ಎರಡರಷ್ಟಾದ ವಿಮಾನವನ್ನು ಎಳೆಯಲು ನಮ್ಮ ಎಂಜಿನ್ನಿನ ಎರಡರಷ್ಟು ಬಲದ ದೊಡ್ಡಣ್ಣ ಬೇಕಾಗಿತ್ತು. ಅರ್ಧ ಬಲದ ಎಂಜಿನ್ನಿಗೆ ಅರ್ಧ ಉದ್ದದ ವಿಮಾನ ಎಂದು ನಾನು ಚಿಟಿಕೆ ಹೊಡೆದೆ, ಆಮೇಲೆ ಹಾಸಿಗೆ ನೆನಪಾಯಿತು: ಹಾಸಿಗೆಯನ್ನು ಉದ್ದಕ್ಕೂ ಅಗಲಕ್ಕೂ ಅರ್ಧರ್ಧ ಕತ್ತರಿಸಿದರೆ ಅದರ ಮೇಲೆ ಅರ್ಧ ಮನುಷ್ಯನಲ್ಲ, ಕಾಲು ಮನುಷ್ಯ ಮಾತ್ರ ಮಲಗಬಹುದು. ಮುಕ್ಕಾಲು ಮಾಡಿದರೆ ಹರವು ಅರ್ಧಕ್ಕಿಂತ ತುಸು ಹೆಚ್ಚು ಉಳಿಯುತ್ತದೆ, ಎಂಜಿನ್ನಿಗೂ ಉಸಿರು ಹಿಡಿಯುವುದಿಲ್ಲ. ಎರಡರ ಮುಕ್ಕಾಲು ಒಂದೂವರೆ, ತಮ್ಮ ಭಾಷೆಯಲ್ಲಿ ನೂರೈವತ್ತು. ಹೀಗೆ ಕುಗ್ಗಿಸಿದಾಗ ನಕ್ಷೆಯಲ್ಲಿ ರೆಕ್ಕೆಯ ಹಗುರ ಮರದ ಕಡ್ಡಿ ಕೂರಲು ಬರೆದಿದ್ದ ಕಚ್ಚುಗಳೂ ಮುಕ್ಕಾಲಾದವು, ಆದರೆ ಅಂಗಡಿಯಲ್ಲಿ ಸಿಗುವ ಕಡ್ಡಿಗೆ ಆ ಸುದ್ದಿ ಮುಟ್ಟಿರಲಿಲ್ಲ. ಒಂದೊಂದು ಕಚ್ಚನ್ನೂ ನನ್ನ ಹೆಂಡತಿಯ ಉಗುರು ಉಜ್ಜುವ ಅರದಿಂದ ಅಗಲ ಮಾಡಬೇಕಾಯಿತು. ಆ ಪಾಪ ತಮ್ಮದಲ್ಲ. ತಮ್ಮ ಪಾಲಿನದು ಮುಂದೆ ಬರುತ್ತದೆ, ಆತುರಪಡಬೇಡಿ.

ಮೊದಲ ದಿನ ತಾವು ಒಡಲನ್ನೂ ಬಾಲವನ್ನೂ ಎಡರೆಕ್ಕೆಯನ್ನೂ ನೂರೈವತ್ತಕ್ಕೆ ಹಿಗ್ಗಿಸಿ, ಬಿಸಿಬಿಸಿಯಾಗಿ, ಒಂದು ಗೆರೆಯೂ ನಡುಗದಂತೆ ಕೊಟ್ಟಿರಿ. ತಮ್ಮ ಆ ದಿನದ ಸೇವೆಯನ್ನು ಯಾರಾದರೂ ಅಲ್ಲಗಳೆದರೆ ನಾನೇ ಸಾಕ್ಷಿ ಹೇಳುತ್ತೇನೆ. ಬಲರೆಕ್ಕೆಯ ಪುಟ ಗಾಜಿನ ಮೇಲೆ ಮಲಗುವಷ್ಟರಲ್ಲಿ ತಮ್ಮನ್ನು ನೋಡಿಕೊಳ್ಳುವ ಅಂಗಡಿಯಕ್ಕ, "ರೋಲ್ ಮುಗೀತು ಸಾರ್, ನಾಳೆ ಬನ್ನಿ, ನಾನೇನು ನನ್ನ ಬೆನ್ನಿನ ಮೇಲೆ ಬರೆದುಕೊಡ್ಲಾ" ಎಂದರು. ಮರುದಿನ ಹೋದೆ. ಹೊಸ ರೋಲು ಬಂದಿತ್ತು, ಹಳೆಯದಕ್ಕಿಂತ ತುಸು ಕಿರಿದಾಗಿತ್ತು. ಅಕ್ಕ ನೂರೈವತ್ತು ಒತ್ತಿದರು. ತಾವು ಒಂದು ಕ್ಷಣ ಯೋಚಿಸಿದಿರಿ, ಒಳಗೆ ಏನೋ ಗಂಟಲು ಸರಿಮಾಡಿಕೊಂಡ ಸದ್ದಾಯಿತು, ರೆಕ್ಕೆ ಕಾಗದಕ್ಕಿಂತ ದೊಡ್ಡದೆಂದು ತಮಗೆ ತಿಳಿಯಿತು. ಆಗ ತಾವು ಕೆಂಪು ದೀಪ ಹಾಕಬಹುದಿತ್ತು, ಕಿರುಚಬಹುದಿತ್ತು, ಎಂದಿನಂತೆ ಕಾಗದ ನುಂಗಿ ಮುಷ್ಕರ ಹೂಡಬಹುದಿತ್ತು. ಅದಾವುದನ್ನೂ ಮಾಡದೆ, ಬಂದ ಗಿರಾಕಿಯ ಮನಸ್ಸು ನೋಯಿಸಬಾರದೆಂಬ ಸೌಜನ್ಯದಿಂದ, ಸದ್ದಿಲ್ಲದೆ ರೆಕ್ಕೆಯನ್ನು ಕಾಗದಕ್ಕೆ ಹೊಂದಿಸಿ, ನೂರಮೂವತ್ತೈದು ಮಾಡಿ, ಹಸಿರು ದೀಪ ಮಿನುಗಿಸಿ ಕೈಗಿತ್ತಿರಿ. ಬೆರಳು ತೋರಿಸಿದರೆ ಹಸ್ತ ನುಂಗುವವರನ್ನು ಕಂಡಿದ್ದೇನೆ, ಎರಡು ಬೆರಳು ನುಂಗಿ ಬಾಯಿ ಒರೆಸಿಕೊಂಡು ಕೂತವರನ್ನು ಕಂಡದ್ದು ಅದೇ ಮೊದಲು.

ಅಳೆದು ನೋಡಲಿಲ್ಲವೇ ಎಂದು ತಾವು ಕೇಳಬಾರದು, ಆದರೂ ಕೇಳುತ್ತೀರಿ. ಅಳೆದೆ. ಎರಡೆರಡು ಸಲ ಅಳೆದೆ. ನಕ್ಷೆಯ ಪ್ರತಿ ಪುಟದ ಕೆಳಗೂ ಒಂದೊಂದು ಅಳತೆಪಟ್ಟಿ ಅಚ್ಚಾಗಿತ್ತಲ್ಲ, ಅದನ್ನು ನಕ್ಷೆಯ ಜೊತೆಗೇ ಹಿಗ್ಗಿಸಿಕೊಂಡು, ಅಚ್ಚುಕಟ್ಟಾಗಿ ಕತ್ತರಿಸಿ, ರಟ್ಟಿಗೆ ಅಂಟಿಸಿ, ಎಡರೆಕ್ಕೆಗೆ ಎಡಪುಟದ ಪಟ್ಟಿ, ಬಲರೆಕ್ಕೆಗೆ ಬಲಪುಟದ ಪಟ್ಟಿ ಹಿಡಿದೆ. ಒಂದು ಕೂದಲೆಳೆ ಹೆಚ್ಚಿಲ್ಲ, ಕಮ್ಮಿಯಿಲ್ಲ. ಕುಗ್ಗಿದ ರೆಕ್ಕೆಯನ್ನು ಅದರೊಡನೆಯೇ ಕುಗ್ಗಿದ ಪಟ್ಟಿಯಿಂದ ಅಳೆದು, ಭಲೇ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಉಕ್ಕಿನ ಅಳತೆಪಟ್ಟಿ ಮೇಜಿನ ಖಾನೆಯಲ್ಲಿ ತಣ್ಣಗೆ ಮಲಗಿತ್ತು. ಮಲಗಿದವರನ್ನು ಎಬ್ಬಿಸುವುದು ನನ್ನ ವೃತ್ತಿಧರ್ಮಕ್ಕೆ ವಿರುದ್ಧ. ಸಾಲದ್ದಕ್ಕೆ ಎರಡು ರೆಕ್ಕೆಗಳು ಒಂದೇ ಕೋಣೆಯಲ್ಲಿ ಎಂದೂ ಭೇಟಿಯಾಗಿರಲಿಲ್ಲ. ಎಡರೆಕ್ಕೆ ಊಟದ ಮೇಜಿನ ಮೇಲೆ ತಯಾರಾಯಿತು. ಗೋಂದಿನ ವಾಸನೆಯಲ್ಲಿ ಸಾರು ಯಾವುದು ಅಂಟು ಯಾವುದು ತಿಳಿಯುವುದಿಲ್ಲವೆಂದು ಹೆಂಡತಿ ಮೇಜನ್ನು ವಶಪಡಿಸಿಕೊಂಡ ಮೇಲೆ ಬಲರೆಕ್ಕೆ ಮಾವನ ಕೋಣೆಯ ಇಸ್ತ್ರಿ ಮೇಜಿನ ಮೇಲೆ ತಯಾರಾಯಿತು. ಒಂದು ಫ್ರಿಜ್ಜಿನ ಮೇಲೆ ಒಣಗಿತು, ಇನ್ನೊಂದು ಬಟ್ಟೆ ಅಲಮಾರಿನ ಮೇಲೆ. ಒಂದೇ ಮನೆಯಲ್ಲಿದ್ದೂ ಮಾತು ಬಿಟ್ಟ ವಾರಗಿತ್ತಿಯರ ಹಾಗೆ ಇದ್ದವು.

ರೆಕ್ಕೆಗಳಿಗೆ ಕೆಂಪು ಕಾಗದ ಹೊದಿಸಿದೆವು, ಮಾವನ ಕಣ್ಣಿಗೆ ಈಗಲೂ ಬೇಗ ಸಿಗುವ ಬಣ್ಣ ಅದೇ. ಹೊದಿಸುವಾಗ ಮಾವ, ಕಾಗದದ ಅಂಚನ್ನು ಬೆರಳಿನಿಂದ ತಡವುತ್ತ, "ಬಿಟ್ರೆ ಎಷ್ಟು ದೂರ ಹೋಗುತ್ತೆ?" ಎಂದು ಕೇಳಿದರು. ನಾನು ಉತ್ಸಾಹದಿಂದ, ನಮ್ಮ ಗೋದಾಮಿನ ಅಂಗಳ ದಾಟಿ, ಆಚೆಯ ರಸ್ತೆ ದಾಟಿ, ಗಾಳಿ ಕೃಪೆ ಮಾಡಿದರೆ ನೀರಿನ ಟ್ಯಾಂಕಿನವರೆಗೂ ಹೋದೀತು ಎಂದೆ. ಅವರು ಕಾಗದವನ್ನು ರೆಕ್ಕೆಯ ತುದಿಯವರೆಗೂ ಸವರಿದರು. ಆಮೇಲೆ, "ಹಾಗಾದ್ರೆ ನನಗೆ ಅದು ಕೈ ಬಿಟ್ಟ ಮೇಲೆ ಬರೀ ಸದ್ದು ಬಿಡು. ಸದ್ದು ಹಿತ್ತಲಲ್ಲೇ ಕೇಳ್ತಿದ್ದೆ" ಎಂದು ನಕ್ಕರು. ನಾನು ನಗಲಿಲ್ಲ. ಮೂರು ನಕ್ಷೆ ನೋಡಿ, ಮುಕ್ಕಾಲಿನ ಲೆಕ್ಕ ಹಾಕಿ, ಎಂಜಿನ್ನಿಗೆ ತಕ್ಕ ವಿಮಾನ ಆರಿಸಿದ ಜಾಣನಿಗೆ, ಕಣ್ಣಿಗೆ ತಕ್ಕ ವಿಮಾನ ಆರಿಸಬೇಕೆಂಬುದು ಹೊಳೆದೇ ಇರಲಿಲ್ಲ. ಒಡಲು ಒಣಗಿತ್ತು, ರೆಕ್ಕೆ ಹೊದಿಸಿಯಾಗಿತ್ತು, ಎಲ್ಲ ಮುಗಿದ ಮೇಲೆ ತಿಳಿದ ಮಾತು.

ಜೋಡಿಸುವ ದಿನ ಬಂತು. ಹಜಾರದ ನೆಲದ ಮೇಲೆ ಒಡಲನ್ನು ನಿಲ್ಲಿಸಿ, ಎಡರೆಕ್ಕೆ ಈ ಕಡೆ, ಬಲರೆಕ್ಕೆ ಆ ಕಡೆ ಸಿಕ್ಕಿಸಿ, ರಬ್ಬರ್ ಬ್ಯಾಂಡ್ ಬಿಗಿದು ಹಿಂದೆ ಸರಿದು ನಿಂತೆ. ಅಡುಗೆಮನೆಯಿಂದ ಬಂದ ಹೆಂಡತಿ ಕೈ ಒರೆಸಿಕೊಳ್ಳುತ್ತ, "ಏನ್ರೀ ಇದು, ಪಾಪ, ಒಂದು ಕೈ ಅಂಗಿ ಒಳಗೇ ಸಿಕ್ಕಿಹಾಕಿಕೊಂಡ ಹಾಗಿದೆ" ಎಂದಳು. ನಾನು ಕುಣಿಯಲಾರದವರಂತೆ ಮೊದಲು ನೆಲ ಡೊಂಕು ಎಂದೆ. ವಿಮಾನವನ್ನು ತಿರುಗಿಸಿ ಇಟ್ಟೆ, ಡೊಂಕು ವಿಮಾನದ ಜೊತೆಗೇ ತಿರುಗಿತು. ಉಕ್ಕಿನ ಪಟ್ಟಿಯನ್ನು ಎಬ್ಬಿಸಿ ಕರೆತಂದೆ. ಬಲರೆಕ್ಕೆ ಉದ್ದದಲ್ಲಿ ಎರಡು ಬೆರಳು ಕಮ್ಮಿ, ಬುಡದ ಅಗಲದಲ್ಲಿ ಒಂದು ಬೆರಳು ಕಮ್ಮಿ. ತಮ್ಮ ಬಳಿಗೆ ಓಡಿ ಬಂದೆ. ಅಂಗಡಿಯಕ್ಕ ನನ್ನ ಮಾತು ಕೇಳಿ, ತಮ್ಮ ಬೆನ್ನು ಸವರಿ, "ನಮ್ ಮಿಷನ್ ತಪ್ಪು ಮಾಡಲ್ಲ ಸಾರ್. ಕಾಗದಕ್ಕೆ ಎಷ್ಟು ಹಿಡಿಸುತ್ತೋ ಅಷ್ಟು ಮಾಡಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಂತ ನಿಮಗೆ ಗೊತ್ತಿಲ್ವಾ?" ಎಂದರು. ನನ್ನ ವೃತ್ತಿ ಗೊತ್ತಿದ್ದೇ ಹೇಳಿದರೋ ಗೊತ್ತಿಲ್ಲದೆ ಹೇಳಿದರೋ, ಇಂದಿಗೂ ನಿದ್ದೆ ಬಾರದಿದ್ದಾಗ ಯೋಚಿಸುತ್ತೇನೆ. ದಾರಿಯಲ್ಲಿ ಬರುತ್ತ ತಮ್ಮ ಕುರಿತು ನಾಲ್ಕು ಸಾಲು ತಾನಾಗಿಯೇ ಹುಟ್ಟಿತು, ಸ್ವೀಕರಿಸಬೇಕು:

ಎಡಕೆ ಕೊಟ್ಟಿರಿ ನೂರೈವತ್ತು,
ಬಲಕೆ ಬಂದಿತು ಎಂಥ ಕುತ್ತು;
ಕೇಳಲು ಹೋದರೆ ತಮ್ಮದು ಮೌನ,
ಕೇಳದೆ ಬಿಟ್ಟರೆ ಒಂಟಿಗೈ ವಿಮಾನ.

ಎಂಜಿನ್ ಚಾಲೂ ಮಾಡದೆ ತಾರಸಿಯಿಂದ ಮೆಲ್ಲಗೆ ತೇಲಿಬಿಟ್ಟು ನೋಡಿದೆವು. ಉದ್ದ ಎಡರೆಕ್ಕೆ ಎದ್ದು, ಮೊಟಕು ಬಲರೆಕ್ಕೆ ತಗ್ಗಿ, ವಿಮಾನ ಪ್ರತಿ ಸಲವೂ ಬಲಕ್ಕೆ ವಾಲಿ, ಪಕ್ಕದ ಮನೆಯವರು ಒಣಹಾಕಿದ್ದ ಬೆಡ್‌ಶೀಟಿನೊಳಗೆ ಮುಖ ಹುದುಗಿಸಿತು. ಮೂರನೇ ಸಲ ಪಕ್ಕದ ಮನೆಯಾಕೆ ಅದನ್ನು ಮರಳಿಸುತ್ತ, "ನಿಮ್ಮ ಅಂಗಡಿ ಮಾಲು ಅಂತ ಗುರುತು ಹಿಡಿದು ಬರುತ್ತೆ ನೋಡಿ" ಎಂದರು. ನಾನು ರೆಕ್ಕೆ ಬಿಚ್ಚಿ ಮೂಲೆಗಿಟ್ಟು, ಹೊಸ ರೆಕ್ಕೆ ಕಟ್ಟಬೇಕು, ಕಟ್ಟಿದರೂ ಅದು ಮಾವನಿಂದ ದೂರಕ್ಕೇ ಹಾರುತ್ತದೆ ಎಂದು ಎರಡು ಕಡೆಯಿಂದಲೂ ಮುಖ ಸಪ್ಪೆ ಮಾಡಿಕೊಂಡು ಕೂತಿದ್ದೆ. ಮಾವ ಮೊಟಕು ರೆಕ್ಕೆಯನ್ನು ತೊಡೆಯ ಮೇಲಿಟ್ಟುಕೊಂಡು, ನನ್ನನ್ನಲ್ಲ, ಕಿಟಕಿಯನ್ನು ನೋಡುತ್ತ, "ಹಗ್ಗ ಕಟ್ಟಿದ್ದೂ ಮೇಲೆ ಹೋಗುತ್ತೆ ಕಣೋ. ನಾನು ಲಿಫ್ಟಿನಲ್ಲಿದ್ದಷ್ಟು ದಿನ ಹೋಗ್ಲಿಲ್ವಾ? ಹಗ್ಗ ಇತ್ತು ಅಂತಲೇ ವಾಪಸ್ಸೂ ಬಂದೆ" ಎಂದರು.

ಮಾನ್ಯರೇ, ನಾನು ಹಳೆ ಪುಸ್ತಕದ ಅಂಗಡಿಗೆ ಎಷ್ಟು ಬೇಗ ಹೋದೆನೆಂದರೆ ಚಪ್ಪಲಿ ಎರಡೂ ಬೇರೆ ಬೇರೆ ಜೋಡಿಯವು ಎಂಬುದು ಅಲ್ಲಿ ಹೋದ ಮೇಲೆ ತಿಳಿಯಿತು. ಮನೆಯಲ್ಲಿ ಆ ವಾರ ಯಾವುದೂ ಜೋಡಿಯಾಗುವಂತಿರಲಿಲ್ಲ. ಮುದುಕರು ನಮ್ಮ ಎಡರೆಕ್ಕೆ ಉದ್ದವೆಂಬುದನ್ನೂ ಮಾವನ ಹಗ್ಗದ ಮಾತನ್ನೂ ಕೇಳಿ ಮೊಣಕಾಲು ತಟ್ಟಿಕೊಂಡು ನಕ್ಕರು. ವಿಮಾನವನ್ನು ಎರಡು ತೆಳು ಉಕ್ಕಿನ ತಂತಿಗಳಿಗೆ ಕಟ್ಟಿ, ನಡುವೆ ನಿಂತವನು ಹಿಡಿಕೆ ಹಿಡಿದು ಸುತ್ತಲೂ ಹಾರಿಸುವ ಪದ್ಧತಿ ಅವರ ಕಾಲದಲ್ಲಿ ಮನೆಮಾತಾಗಿತ್ತಂತೆ. ಹಿಡಿಕೆಯನ್ನು ಹಿಂದಕ್ಕೆ ಓರೆ ಮಾಡಿದರೆ ಒಂದು ತಂತಿ ಬಾಲದ ಪಟ್ಟಿಯನ್ನು ಎತ್ತುತ್ತದೆ, ವಿಮಾನ ಏರುತ್ತದೆ; ಮುಂದಕ್ಕೆ ಮಾಡಿದರೆ ಇನ್ನೊಂದು ತಂತಿ ಇಳಿಸುತ್ತದೆ. ಎಡರೆಕ್ಕೆ ಒಳಗಡೆ, ನಿಂತವನ ಕಡೆ. ತಂತಿಯ ಭಾರ ಹೊರುವುದೂ ಅದೇ. "ಅದಕ್ಕೇ ನಾವು ಎಡರೆಕ್ಕೆನ ಬೇಕೂಂತಲೇ ಒಂದೆರಡು ಬೆರಳು ಉದ್ದ ಇಡ್ತಿದ್ವಿ. ನಿಮಗೆ ಯಾರು ಹೇಳಿಕೊಟ್ರು?" ಎಂದು ಅವರು ಕೇಳಿದರು. ನಾನು ತಮ್ಮ ಹೆಸರು ಹೇಳಲಿಲ್ಲ. ಸತ್ಯ ಹೇಳಿದ್ದರೆ ಅವರು ನಂಬುತ್ತಿರಲಿಲ್ಲ, ನಂಬಿದ್ದರೆ ನನ್ನನ್ನು ಬಿಟ್ಟು ತಮ್ಮನ್ನೇ ಚಹಾಕ್ಕೆ ಕರೆಯುತ್ತಿದ್ದರು. ಆದ್ದರಿಂದ ಗಂಭೀರವಾಗಿ, ನಮ್ಮ ಬೀದಿ ಮೂಲೆಯಲ್ಲೊಬ್ಬರು ಬಲ್ಲವರಿದ್ದಾರೆ, ಮಾತು ಕಮ್ಮಿ ಎಂದೆ.

ಮುದುಕರು ಹೇಳಿದಂತೆ ಬಾಲಕ್ಕೆ ಅಲುಗಾಡುವ ಪಟ್ಟಿಯನ್ನೂ ಒಡಲಿಗೆ ತಂತಿಗಳನ್ನೂ ಕೂರಿಸಿದೆವು. ಗೋದಾಮಿನ ಅಂಗಳದಲ್ಲಿ, ಅಂಗಡಿಗೆ ರಜೆ ಇದ್ದ ದಿನ, ಗಿರಾಕಿಗಳು ಹಿಂತಿರುಗಿಸಿದ ಹಾಸಿಗೆಗಳನ್ನೆಲ್ಲ ಹೊರಗೆಳೆದು ವೃತ್ತಾಕಾರವಾಗಿ ಹಾಸಿದೆ. ವಿಮಾನ ಎಲ್ಲಿ ಬಿದ್ದರೂ ಮೆತ್ತಗೆ ಬೀಳಲಿ ಎಂಬುದು ನನ್ನ ಲೆಕ್ಕ. ಕಾವಲುಗಾರ ಮೊದಲು ಗದರಿದ, ಆಮೇಲೆ ಒಂದು ಹಾಸಿಗೆಯ ಮೇಲೆ ತಾನೇ ಕೂತು, "ಇದು ಚೆನ್ನಾಗಿದೆಯಲ್ಲ, ಯಾಕೆ ವಾಪಸ್ ಕೊಟ್ರು?" ಎಂದು ವಿಚಾರಿಸತೊಡಗಿದ. ಮಾವ ನಡುವೆ ನಿಂತರು, ಹಿಡಿಕೆ ಅವರ ಬಲಗೈಯಲ್ಲಿ. ನನ್ನ ಹೆಂಡತಿ ವಿಮಾನವನ್ನು ಹಿಡಿದಳು. ನಾನು ಪ್ರೊಪೆಲ್ಲರನ್ನು ಬೆರಳಿನಿಂದ ತಿರುಗಿಸಿದೆ; ಅದು ನನ್ನ ಬೆರಳಿಗೆ ಬಾರಿಸಿ, ಕೆಮ್ಮಿ, ನಿಂತು, ಮತ್ತೆ ಬಾರಿಸಿ, ಕೊನೆಗೆ ಹಿತ್ತಲಿನ ಆ ಹಳೆಯ ಸದ್ದನ್ನೇ ಹೊರಡಿಸಿತು. "ಬಿಡಮ್ಮಾ" ಎಂದರು ಮಾವ. ಅವಳು ಬಿಟ್ಟಳು.

ಅದು ಓಡಿತು, ನೆಗೆಯಿತು, ಮಾವನ ಮಣಿಕಟ್ಟು ತುಸು ಹಿಂದಕ್ಕೆ ಬಾಗಿತು, ಮತ್ತು ಕೆಂಪು ವಿಮಾನ ಕಾಂಪೌಂಡಿನ ಎತ್ತರಕ್ಕೆ ಏರಿ ಅಲ್ಲೇ ನಿಂತು ಸುತ್ತತೊಡಗಿತು. ಮೊಟಕು ರೆಕ್ಕೆಯ ಕಡೆಗೆ, ಹೊರಕ್ಕೆ, ತಪ್ಪಿಸಿಕೊಂಡು ಓಡಲು ಅದು ಹವಣಿಸುತ್ತಿತ್ತು. ಹಾಗೆ ಹವಣಿಸಿದ್ದರಿಂದಲೇ ತಂತಿಗಳು ಬಿಗಿಯಾಗಿ ನಿಂತವು, ತಂತಿ ಬಿಗಿಯಾಗಿದ್ದರಿಂದಲೇ ಅದು ಮಾವನ ಕಣ್ಣಳತೆಯ ಆಚೆ ಒಂದು ಗೇಣೂ ಹೋಗಲಿಲ್ಲ. ಬೆಡ್‌ಶೀಟಿಗೆ ಮುಖ ಹುದುಗಿಸಿದ್ದ ಅದೇ ಓರೆ, ಈಗ ತಂತಿ ಸಡಿಲವಾಗದಂತೆ ಕಾಯುತ್ತಿತ್ತು. ಮಾವ ಅದರ ಜೊತೆಗೇ ನಿಂತಲ್ಲೇ ತಿರುಗುತ್ತಿದ್ದರು. ಬಾಯಿ ಏನೋ ಹೇಳುತ್ತಿತ್ತು, ಹತ್ತಿರ ಹೋಗಿ ಕೇಳಲು ತಂತಿ ಅಡ್ಡವಿತ್ತು, ಆದರೆ ನನ್ನ ಹೆಂಡತಿ ತುಟಿಯ ಚಲನೆ ನೋಡಿ ಹೇಳಿದಳು, "ಮೇಲೆ ಹೋಗೋರು ಬನ್ನಿ, ಮೇಲೆ ಹೋಗೋರು ಬನ್ನಿ ಅಂತಿದ್ದಾರೆ ಕಣ್ರೀ." ಇಂಧನ ಮುಗಿದು, ಸದ್ದು ನಿಂತು, ವಿಮಾನ ತೇಲಿ ಬಂದು, ಹಾಸಿದ್ದ ಅಷ್ಟು ಹಾಸಿಗೆಗಳನ್ನೂ ತಪ್ಪಿಸಿ ಬರಿ ನೆಲದ ಮೇಲೆ ಇಳಿಯಿತು. ಮಾವ ತಲೆ ಸುತ್ತಿದರೂ ಹಿಡಿಕೆ ಬಿಡದೆ ನಿಂತಿದ್ದರು, ನಾನು ಓಡಿ ಹೋಗಿ ಹಿಡಿದುಕೊಂಡಾಗ, "ಇದು ಯಾವ ಮಾಳಿಗೆ?" ಎಂದರು. ಕಂಡಿತಾ ಮಾವ ಎಂದು ಕೇಳಿದೆ. "ಕಾಣೋದೇನು ಬಂತು, ಕೆಂಪಗೆ ಓಡಾಡ್ತಿತ್ತು. ಅದಿರಲಿ, ಕೈ ಹಿಡಿದು ಎಳೀತಿತ್ತಲ್ಲೋ, ಮಗು ಮಿಠಾಯಿ ಅಂಗಡಿ ಕಡೆ ಎಳೆದ ಹಾಗೆ. ಕಣ್ಣು ಮುಚ್ಚಿಕೊಂಡರೂ ಎಲ್ಲಿದೆ ಅಂತ ಗೊತ್ತಾಗುತ್ತೆ" ಎಂದು, ನಿಜಕ್ಕೂ ಕಣ್ಣು ಮುಚ್ಚಿಕೊಂಡು ತೋರಿಸಿದರು.

ಈ ಮಾತಿಗಾಗಿ ತಮಗೆ ಋಣಿ ಎಂದು ಬರೆದು ಪತ್ರ ಮುಗಿಸಬಹುದಿತ್ತು. ಆದರೆ ಇದು ದೂರು. ದೂರು ಇನ್ನು ಶುರುವಾಗುತ್ತದೆ.

ಡಾಕ್ಟರು ಹತ್ತಿರದ ನೋಟದ ಕುರಿತು ಹೇಳಿದ್ದನ್ನು ಮಾವ ಮರೆತಿಲ್ಲ. ಪೂರ್ತಿ ಕತ್ತಲಾಗುವ ಮುಂಚೆ ಕೈಗೆ ದಾರಿ ಅಭ್ಯಾಸವಾಗಲಿ ಎಂದು ರಜೆ ಬಂದಾಗಲೆಲ್ಲ ಹಾರಿಸುತ್ತಾರೆ. ಒಂದೇ ವಿಮಾನ ಎಷ್ಟು ದಿನ ಬಾಳೀತು, ಇನ್ನೊಂದು ಇರಲಿ ಎಂದು ಮೊನ್ನೆ ಅದೇ ನಕ್ಷೆಯನ್ನು ತಮ್ಮ ಗಾಜಿನ ಮೇಲೆ ಮತ್ತೆ ಮಲಗಿಸಿದೆ. ಎಡಕ್ಕೆ ನೂರೈವತ್ತು ಕೊಟ್ಟಿರಿ. ಬಲಕ್ಕೆ ನೂರೈವತ್ತು ಒತ್ತಿಸಿ, ತಾವು ಗಂಟಲು ಸರಿಮಾಡಿಕೊಳ್ಳುವುದನ್ನೇ ಕಾಯುತ್ತ ನಿಂತೆ. ತಾವು ನೂರೈವತ್ತನ್ನೇ ಕೊಟ್ಟಿರಿ. ಉಕ್ಕಿನ ಪಟ್ಟಿಯಿಂದ ಅಲ್ಲೇ ಅಳೆದೆ, ಎರಡೂ ಸಮ, ನಾಚಿಕೆಯಿಲ್ಲದಷ್ಟು ಸಮ. ಅಂಗಡಿಯಕ್ಕ ಎದೆಯುಬ್ಬಿಸಿ, "ನೀವು ಬಂದು ಕೂಗಾಡಿದ್ರಲ್ಲ, ಮೆಕ್ಯಾನಿಕ್ ಕರೆಸಿ ಸರಿ ಮಾಡ್ಸಿದೀನಿ, ಅಗಲದ ರೋಲೂ ತರಿಸಿದೀನಿ. ಇನ್ನು ಒಂದು ನೂಲೂ ಆಚೀಚೆ ಆಗಲ್ಲ" ಎಂದರು. ಹಾಗಾದರೆ ಬಲರೆಕ್ಕೆಯನ್ನು ನೂರಮೂವತ್ತೈದಕ್ಕೆ ಒತ್ತಿಕೊಡಿ ಎಂದರೆ, ನನ್ನನ್ನು ಆಪಾದಮಸ್ತಕ ನೋಡಿ, "ತಪ್ಪು ಮಾಡೋಕೆ ನಮ್ ಕೈಲಾಗಲ್ಲ ಸಾರ್, ಅಂಗಡಿ ಹೆಸರಿದೆ" ಎಂದುಬಿಟ್ಟರು.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಪ್ರಾರ್ಥನೆ ಇಷ್ಟು. ದಯಮಾಡಿ ತಾವು ಮತ್ತೆ ಕೆಡಬೇಕು. ಹೇಗೆಂದರೆ ಹಾಗಲ್ಲ, ಬಲಕ್ಕೆ ಮಾತ್ರ, ನೂರಕ್ಕೆ ಹತ್ತರಷ್ಟು ಮಾತ್ರ, ಮುಂದಿನ ರಜಾದಿನದ ಒಳಗೆ. ಅಂದು ತಮ್ಮ ಒಳಗೆ ಮಿಡಿದ ಆ ಅಪೂರ್ವ ಪ್ರತಿಭೆಯನ್ನು ಒಬ್ಬ ಮೆಕ್ಯಾನಿಕ್ಕಿನ ಸ್ಕ್ರೂಡ್ರೈವರಿಗೆ ಬಲಿಕೊಟ್ಟು, ಊರಿನ ಎಲ್ಲ ಯಂತ್ರಗಳಂತೆ ಸರಿಯಾಗಿಯೇ ಕೆಲಸ ಮಾಡುತ್ತ ಕಾಲ ಕಳೆಯುವುದು ತಮ್ಮ ಘನತೆಗೆ ತಕ್ಕುದಲ್ಲ. ಅದಾಗದಿದ್ದರೆ ನುಂಗಿದ ಆ ಎರಡು ಬೆರಳನ್ನಾದರೂ ಅಳತೆಗೆಂದು ಮರಳಿಸಿ, ಯಾವ ರೆಕ್ಕೆಯಿಂದ ಕತ್ತರಿಸಬೇಕೋ ನಾನೇ ಕತ್ತರಿಸಿಕೊಳ್ಳುತ್ತೇನೆ. ಹಿಗ್ಗಿಸುವ ವಿದ್ಯೆ ತಮ್ಮಲ್ಲಿನ್ನೂ ಸ್ವಲ್ಪ ಉಳಿದಿದ್ದರೆ, ಗಾಜಿನ ಮೇಲೆ ನಾನು ಕಾಗದವಲ್ಲದ ಒಂದನ್ನು ಇಡಲು ಬಯಸುತ್ತೇನೆ: ಮಾವನ ಹತ್ತಿರದ ನೋಟ. ಅದನ್ನು ನೂರೈವತ್ತಕ್ಕೆ ಹಿಗ್ಗಿಸಿಕೊಡಿ. ಅಂಚಿನಲ್ಲಿ ಸ್ವಲ್ಪ ಕತ್ತರಿಸಿಹೋದರೂ ಚಿಂತೆಯಿಲ್ಲ, ನಾವು ಯಾವ ಪಟ್ಟಿಯಿಂದಲೂ ಅಳೆಯಲು ಹೋಗುವುದಿಲ್ಲ.

ಹಸಿರು ದೀಪ ಆರದಿರಲಿ.

ನೂರಕ್ಕೆ ತೊಂಬತ್ತರಷ್ಟು
ತಮ್ಮ ವಿಶ್ವಾಸಿ,
ಹಾಸಿಗೆ ಅಂಗಡಿಯ ಪ್ರಾಸದವನು

ಮರೆತ ಮಾತು: ಈ ಪತ್ರದ ಪ್ರತಿಗಳನ್ನೂ ತಮ್ಮಿಂದಲೇ ತೆಗೆಸಲು ಬಂದಿದ್ದೆ. ಎಷ್ಟಕ್ಕೆ ಒತ್ತಲಿ ಎಂದು ಅಂಗಡಿಯಕ್ಕ ಕೇಳಿದಾಗ, ದೂರನ್ನು ನೂರೈವತ್ತಕ್ಕೆ ಹಿಗ್ಗಿಸಿ, ಹೊಗಳಿಕೆಯನ್ನು ಕಾಗದಕ್ಕೆ ಹೊಂದಿಸಿ ಎಂದೆ. ಆಗ ತಮ್ಮ ಕೆಂಪು ದೀಪ ಹತ್ತಿತು, ಕಾಗದ ಒಳಗೇ ಸಿಕ್ಕಿಕೊಂಡಿತು, ಮತ್ತು ಮೆಕ್ಯಾನಿಕ್ ಬರುವುದು ರಜೆ ಕಳೆದ ಮೇಲಂತೆ. ಕೆಡಬೇಕೆಂದು ಬೇಡಿದ್ದು ನಿಜ, ಮಾನ್ಯರೇ; ಆದರೆ ಅಳತೆ ಹೇಳಿಯೇ ಬೇಡಿದ್ದೆ.